ಒಂದು ಪ್ರಶ್ನೆ, ಎರಡು ವಿಭಾಗ: ಪದವಿ ವಿದ್ಯಾರ್ಥಿಗಳಿಗೆ ಅಂತರಶಿಸ್ತೀಯ ಕಲಿಕೆ

ಅಂತರಶಿಸ್ತೀಯ ಕಲಿಕೆ ಎಂಬ ಮಾತು ಕೆಲವು ವರ್ಷಗಳಿಂದ ಪಠ್ಯಕ್ರಮದ ಕೈಪಿಡಿಗಳಲ್ಲೂ ಕಾಲೇಜುಗಳ ಪ್ರವೇಶಾತಿ ಜಾಹೀರಾತುಗಳಲ್ಲೂ ಧಾರಾಳವಾಗಿ ಕಾಣಿಸಿಕೊಳ್ಳುತ್ತಿದೆ. ಆದರೆ ಹೆಚ್ಚಿನ ವಿದ್ಯಾರ್ಥಿಗಳು ಅದನ್ನು ಇನ್ನೂ ಒಂದೆರಡು ವಿಷಯಗಳನ್ನು ಹೆಚ್ಚಾಗಿ ಓದುವುದು ಎಂದಷ್ಟೇ ಅರ್ಥಮಾಡಿಕೊಂಡಿದ್ದಾರೆ. ಹಲವು ವಿಷಯಗಳನ್ನು ಓದುವುದೇ ಅಂತರಶಿಸ್ತೀಯತೆಯಾಗಿದ್ದರೆ ಕರ್ನಾಟಕದ ಪದವಿ ಕಾಲೇಜುಗಳು ಅದನ್ನು ಎಂದೋ ಸಾಧಿಸಿಬಿಟ್ಟಿವೆ ಎನ್ನಬೇಕಾಗುತ್ತಿತ್ತು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ‘ಎಚ್‌ಇಪಿ’, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ‘ಪಿಸಿಎಂ’, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ‘ಸಿಬಿಜೆಡ್’ ಮುಂತಾದ ಮೂರು ವಿಷಯಗಳ ಜೋಡಣೆಗಳು ಇಲ್ಲಿ ತಲೆಮಾರುಗಳಿಂದ ನಡೆದುಬಂದಿವೆ. ಆದರೂ ಎಚ್‌ಇಪಿ ಓದಿದ ವಿದ್ಯಾರ್ಥಿ ಇತಿಹಾಸದ ತರಗತಿಯಲ್ಲಿ ವಿಜಯನಗರದ ಭೂಕಂದಾಯವನ್ನೂ ಅರ್ಥಶಾಸ್ತ್ರದ ತರಗತಿಯಲ್ಲಿ ತೆರಿಗೆಯ ತತ್ವಗಳನ್ನೂ ಪ್ರತ್ಯೇಕವಾಗಿ ಬರೆದುಕೊಂಡು, ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳಿರಬಹುದು ಎಂದು ಒಮ್ಮೆಯೂ ಯೋಚಿಸದೆ ಪದವಿ ಮುಗಿಸಿಬಿಡುವುದು ಸಾಧ್ಯವಿದೆ, ಮತ್ತು ಸಾಮಾನ್ಯವಾಗಿ ಆಗುವುದೂ ಅದೇ.

ಇಲ್ಲಿ ಬಳಸುವ ಪದಗಳನ್ನು ಮೊದಲೇ ಬಿಡಿಸಿಕೊಳ್ಳುವುದು ಅಗತ್ಯ. ಒಂದು ವಿಷಯಕ್ಷೇತ್ರವು ತನ್ನದೇ ಆದ ಪ್ರಶ್ನೆಗಳನ್ನು, ಆ ಪ್ರಶ್ನೆಗಳಿಗೆ ಉತ್ತರ ಹುಡುಕುವ ವಿಧಾನವನ್ನು, ಯಾವುದನ್ನು ಪುರಾವೆಯೆಂದು ಒಪ್ಪಬೇಕು ಎಂಬ ನಿಯಮವನ್ನು ಬೆಳೆಸಿಕೊಂಡಾಗ ಅದನ್ನು ಜ್ಞಾನಶಿಸ್ತು ಎನ್ನಲಾಗುತ್ತದೆ. ಹಲವು ಶಿಸ್ತುಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಅದು ಬಹುಶಿಸ್ತೀಯ ಕಲಿಕೆ. ಒಂದೇ ಪ್ರಶ್ನೆಯನ್ನು ಬಿಡಿಸುವುದಕ್ಕಾಗಿ ಎರಡು ಅಥವಾ ಹೆಚ್ಚು ಶಿಸ್ತುಗಳ ವಿಧಾನಗಳನ್ನು ಒಂದರ ಉತ್ತರ ಇನ್ನೊಂದರ ಪ್ರಶ್ನೆಯಾಗುವ ಹಾಗೆ ಹೆಣೆದರೆ ಅದು ಅಂತರಶಿಸ್ತೀಯ ಕಲಿಕೆ. ಮೊದಲನೆಯದನ್ನು ವಿಶ್ವವಿದ್ಯಾಲಯದ ವೇಳಾಪಟ್ಟಿ ಒದಗಿಸಿಕೊಡುತ್ತದೆ. ಎರಡನೆಯದನ್ನು ಬಹುಮಟ್ಟಿಗೆ ವಿದ್ಯಾರ್ಥಿಯೇ ಮಾಡಿಕೊಳ್ಳಬೇಕು.

ಮಂಗನ ಕಾಯಿಲೆ ಕಲಿಸುವ ಪಾಠ

ಇದರ ಬೆಲೆ ಏನೆಂಬುದನ್ನು ತಿಳಿಯಲು ಮಲೆನಾಡಿನ ಮಂಗನ ಕಾಯಿಲೆಗಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರೂ ತೀವ್ರ ಜ್ವರದಿಂದ ನರಳತೊಡಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದು ಅದುವರೆಗೆ ಗೊತ್ತಿಲ್ಲದಿದ್ದ ವೈರಾಣುವೊಂದರ ಕೆಲಸವೆಂದೂ ಅದನ್ನು ಹರಡುವುದು ಉಣುಗುಗಳೆಂದೂ ಕಂಡುಹಿಡಿದರು, ಮತ್ತು ಆ ಕಾಯಿಲೆಗೆ ಕ್ಯಾಸನೂರಿನ ಹೆಸರೇ ಉಳಿಯಿತು. ವೈರಾಣುಶಾಸ್ತ್ರದ ಮಟ್ಟಿಗೆ ಪ್ರಶ್ನೆ ಅಲ್ಲಿಗೆ ಬಗೆಹರಿದಂತಾಯಿತು. ಆದರೆ ಕಾಯಿಲೆ ಯಾರಿಗೆ ಬರುತ್ತದೆ, ಯಾವ ತಿಂಗಳಲ್ಲಿ ಬರುತ್ತದೆ, ಒಂದು ಹಳ್ಳಿಗೆ ಬಂದದ್ದು ಪಕ್ಕದ ಹಳ್ಳಿಗೆ ಏಕೆ ಬರುವುದಿಲ್ಲ ಎಂಬ ಪ್ರಶ್ನೆಗಳಿಗೆ ಸೂಕ್ಷ್ಮದರ್ಶಕದಲ್ಲಿ ಉತ್ತರವಿರಲಿಲ್ಲ.

ಉತ್ತರದ ಒಂದು ಭಾಗ ಕೀಟ ಮತ್ತು ಉಣುಗುಗಳ ಅಧ್ಯಯನದಲ್ಲಿದೆ: ಉಣುಗಿನ ಮರಿಗಳು ಚಳಿಗಾಲದ ಕೊನೆಯಿಂದ ಬೇಸಗೆಯವರೆಗೆ ಹೆಚ್ಚು ಚುರುಕಾಗಿರುತ್ತವೆ, ಕಾಯಿಲೆಯೂ ಹೆಚ್ಚಾಗಿ ಅದೇ ತಿಂಗಳುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಭಾಗ ಕೃಷಿ ಮತ್ತು ಪರಿಸರ ಅಧ್ಯಯನದಲ್ಲಿದೆ: ಬೆಳೆದ ಉಣುಗುಗಳು ದನಗಳ ಮೈಮೇಲೆ ರಕ್ತ ಹೀರಿ ಬದುಕುವುದರಿಂದ, ಕಾಡಿನ ಅಂಚಿನಲ್ಲಿ ದನ ಮೇಯಿಸುವ ಪದ್ಧತಿಯು ಉಣುಗುಗಳ ಸಂಖ್ಯೆಯನ್ನೂ ವ್ಯಾಪ್ತಿಯನ್ನೂ ಹೆಚ್ಚಿಸುತ್ತದೆ, ಕಾಡು ಕಡಿದು ಹೊಲ, ತೋಟ ಮಾಡಿದಷ್ಟೂ ಕಾಡಿಗೂ ಊರಿಗೂ ನಡುವಿನ ಆ ಅಂಚು ಉದ್ದವಾಗುತ್ತದೆ. ಮೂರನೆಯ ಭಾಗ ಅರ್ಥಶಾಸ್ತ್ರಕ್ಕೂ ಸಮಾಜಶಾಸ್ತ್ರಕ್ಕೂ ಸೇರಿದ್ದು. ಮಲೆನಾಡಿನ ಅಡಿಕೆ ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ಹಾಸಲು ಒಣ ತರಗೆಲೆ ಬೇಕು, ಒಲೆಗೆ ಕಟ್ಟಿಗೆ ಬೇಕು. ಇವನ್ನು ತರಲು ಬೇಸಗೆಯಲ್ಲಿ ಕಾಡಿಗೆ ಹೋಗುವವರು ಬಹುತೇಕ ಕೂಲಿಕಾರರು, ಸಣ್ಣ ಹಿಡುವಳಿದಾರರು ಮತ್ತು ಆ ಮನೆಗಳ ಹೆಂಗಸರು. ಅಮೆರಿಕದ ವೈದ್ಯಕೀಯ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮಂಗನ ಕಾಯಿಲೆಯನ್ನು ‘ಅಭಿವೃದ್ಧಿಯ ಕಾಯಿಲೆ’ ಎಂದೇ ಗುರುತಿಸಿದ್ದು ಈ ಕಾರಣಕ್ಕೆ.

ಈ ಮೂರು ಭಾಗಗಳಲ್ಲಿ ಯಾವ ಒಂದನ್ನು ಬಿಟ್ಟರೂ ಸಲಹೆ ತಪ್ಪಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ವೈದ್ಯಶಾಸ್ತ್ರವೊಂದನ್ನೇ ನಂಬಿದರೆ ‘ಕಾಡಿಗೆ ಹೋಗಬೇಡಿ’ ಎಂದು ಕರಪತ್ರ ಹಂಚಬಹುದು. ಆದರೆ ಸೊಪ್ಪು ತಾರದಿದ್ದರೆ ಆ ದಿನದ ಕೂಲಿಯೇ ಇಲ್ಲದ ಮನೆಗೆ ಆ ಕರಪತ್ರದಿಂದ ಏನೂ ಪ್ರಯೋಜನವಿಲ್ಲ. ಸಮಾಜಶಾಸ್ತ್ರವೊಂದನ್ನೇ ನಂಬಿದರೆ ಬಡತನದ ವಿವರಣೆ ಸಿಗುತ್ತದೆ, ಆದರೆ ಯಾವ ತಿಂಗಳಲ್ಲಿ, ಮಂಗ ಸತ್ತ ಜಾಗದಿಂದ ಎಷ್ಟು ದೂರದಲ್ಲಿ ಎಚ್ಚರ ವಹಿಸಬೇಕೆಂಬುದು ಗೊತ್ತಾಗುವುದಿಲ್ಲ. ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2019ರ ಹೊತ್ತಿಗೆ ಈ ಕಾಯಿಲೆ ಮತ್ತೆ ತೀವ್ರವಾಗಿ ಕಾಣಿಸಿಕೊಂಡಿತು. ವೈರಾಣುವಿನ ಗುರುತು ಸಿಕ್ಕು ಅರವತ್ತು ವರ್ಷ ಕಳೆದರೂ ಪ್ರಶ್ನೆ ಬಾಕಿ ಉಳಿದಿರುವುದು ಅದು ಒಂದು ವಿಭಾಗದ ಪ್ರಶ್ನೆಯಲ್ಲ ಎಂಬುದನ್ನೇ ತೋರಿಸುತ್ತದೆ.

ಆಳವಿಲ್ಲದೆ ಅಗಲವಿಲ್ಲ

ಮಂಗನ ಕಾಯಿಲೆಯ ವಿಷಯದಲ್ಲಿ ಹಲವು ತಜ್ಞರು ಸೇರಿದರು. ಒಬ್ಬನೇ ವ್ಯಕ್ತಿಯ ತಲೆಯಲ್ಲಿ ಎರಡು ಶಿಸ್ತುಗಳು ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಡಿ.ಡಿ. ಕೋಸಂಬಿ ಉದಾಹರಣೆ. 1907ರಲ್ಲಿ ಗೋವಾದಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ ಓದಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲೂ ಅನಂತರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಗಣಿತಜ್ಞರಾಗಿ ದುಡಿದ ಕೋಸಂಬಿ, ಪ್ರಾಚೀನ ಭಾರತದ ಮುದ್ರಾಂಕಿತ ಬೆಳ್ಳಿ ನಾಣ್ಯಗಳನ್ನು ಕೈಗೆತ್ತಿಕೊಂಡರು. ಈ ನಾಣ್ಯಗಳ ಮೇಲೆ ರಾಜನ ಹೆಸರಿಲ್ಲ, ಇಸವಿಯಿಲ್ಲ, ಇರುವುದು ಒತ್ತಿದ ಚಿಹ್ನೆಗಳು ಮಾತ್ರ. ಇತಿಹಾಸಕಾರರು ಚಿಹ್ನೆಗಳ ಅರ್ಥದ ಬಗ್ಗೆ ವಾದಿಸುತ್ತಿದ್ದಾಗ ಕೋಸಂಬಿ ನಾಣ್ಯಗಳನ್ನು ಒಂದೊಂದಾಗಿ ತೂಗಿದರು.

ಅವರ ತರ್ಕ ಸರಳವಾದದ್ದು. ಟಂಕಸಾಲೆಯಿಂದ ಹೊರಬಂದಾಗ ಒಂದೇ ಬಗೆಯ ನಾಣ್ಯಗಳ ತೂಕವು ಒಂದು ಸರಾಸರಿಯ ಸುತ್ತಮುತ್ತ ಇರುತ್ತದೆ. ಕೈಯಿಂದ ಕೈಗೆ ಓಡಾಡಿದಂತೆಲ್ಲ ನಾಣ್ಯ ಸವೆಯುತ್ತದೆ, ಸರಾಸರಿ ತೂಕ ಇಳಿಯುತ್ತದೆ, ಎಲ್ಲ ನಾಣ್ಯಗಳೂ ಒಂದೇ ಸಮನಾಗಿ ಸವೆಯದ ಕಾರಣ ತೂಕಗಳ ನಡುವಿನ ವ್ಯತ್ಯಾಸ ಹೆಚ್ಚುತ್ತದೆ. ಈ ವ್ಯತ್ಯಾಸವನ್ನು ಅಳೆಯುವ ಸಾಧನ ಸಂಖ್ಯಾಶಾಸ್ತ್ರದಲ್ಲಿ ಸಿದ್ಧವಾಗಿಯೇ ಇತ್ತು. ತಮ್ಮ ಕಾಲದಲ್ಲಿ ಚಲಾವಣೆಯಲ್ಲಿದ್ದ ನಾಣ್ಯಗಳನ್ನೂ ತೂಗಿ ಈ ತರ್ಕ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿದ ಅವರು, ತಕ್ಷಶಿಲೆಯ ನಾಣ್ಯರಾಶಿಯಲ್ಲಿ ಹಿಂಬದಿಯ ಚಿಹ್ನೆಗಳು ಹೆಚ್ಚಿದಂತೆ ಸರಾಸರಿ ತೂಕ ಇಳಿಯುವುದನ್ನು ತೋರಿಸಿ, ನಾಣ್ಯಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವ ಹೊಸ ದಾರಿಯನ್ನು ತೆರೆದರು. 1956ರಲ್ಲಿ ಪ್ರಕಟವಾದ ಅವರ ಭಾರತೀಯ ಇತಿಹಾಸ ಪ್ರವೇಶಿಕೆಯ ಗ್ರಂಥವು ಮುಂದಿನ ತಲೆಮಾರಿನ ಇತಿಹಾಸಕಾರರ ಮೇಲೆ ಬೀರಿದ ಪ್ರಭಾವ ಎಲ್ಲರಿಗೂ ಗೊತ್ತಿರುವಂಥದು. ಭೌತಶಾಸ್ತ್ರ ಓದಿ ಬಂದ ಪಿ.ಸಿ. ಮಹಲನೋಬಿಸ್ ಮನುಷ್ಯರ ದೇಹದ ಅಳತೆಗಳನ್ನು ಹೋಲಿಸುವ ಮಾನವಶಾಸ್ತ್ರದ ಸಮಸ್ಯೆಯಿಂದ ಹೊರಟು 1936ರಲ್ಲಿ ರೂಪಿಸಿದ ‘ಮಹಲನೋಬಿಸ್ ದೂರ’ ಎಂಬ ಅಳತೆಗೋಲು ಇಂದು ಸಂಖ್ಯಾಶಾಸ್ತ್ರದ ದಿನಬಳಕೆಯ ಸಾಧನವಾಗಿದೆ. ಅಂದರೆ ಸಾಲವು ಎರಡೂ ದಿಕ್ಕಿನಲ್ಲಿ ಹರಿಯುತ್ತದೆ.

ಈ ಇಬ್ಬರಿಂದಲೂ ಪದವಿ ವಿದ್ಯಾರ್ಥಿಗೆ ಸಿಗುವ ಪಾಠ ‘ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದು’ ಎಂಬುದಲ್ಲ. ಕೋಸಂಬಿಗೆ ಗಣಿತ ಪೂರ್ತಿ ಕೈವಶವಾಗಿತ್ತು. ಆದ್ದರಿಂದಲೇ ನಾಣ್ಯದ ಪ್ರಶ್ನೆಯಲ್ಲಿ ಗಣಿತ ಅಡಗಿರುವುದು ಅವರಿಗೆ ಕಂಡಿತು. ಒಂದು ಶಿಸ್ತನ್ನಾದರೂ ಅದರ ವಿಧಾನ ತನ್ನದಾಗುವಷ್ಟು ಕಲಿಯದವರು ಇನ್ನೊಂದು ಶಿಸ್ತಿಗೆ ಕೊಡುವಂಥದ್ದು ಏನನ್ನೂ ಒಯ್ಯಲಾರರು, ಅಲ್ಲಿಂದ ತರುವುದೂ ಬರಿಯ ಪದಗಳನ್ನಷ್ಟೇ. ಅಂತರಶಿಸ್ತೀಯ ಶಿಕ್ಷಣದ ವಿರುದ್ಧ ಹಿರಿಯ ಅಧ್ಯಾಪಕರು ಎತ್ತುವ ಮುಖ್ಯ ಆಕ್ಷೇಪವೂ ಇದೇ: ಪಠ್ಯಕ್ರಮದಲ್ಲಿ ಅಗಲಕ್ಕೆ ಜಾಗ ಮಾಡಿಕೊಡುವ ಭರದಲ್ಲಿ ಮುಖ್ಯ ವಿಷಯದ ಗಂಟೆಗಳು ಕಡಿಮೆಯಾಗಿ, ಕೊನೆಗೆ ವಿದ್ಯಾರ್ಥಿಗೆ ಯಾವ ವಿಷಯವೂ ನೆಟ್ಟಗೆ ಬಾರದಂತಾಗುತ್ತದೆ ಎಂಬುದು. ಆಕ್ಷೇಪ ನ್ಯಾಯವಾದದ್ದು. ಆದರೆ ಅದು ಅಂತರಶಿಸ್ತೀಯತೆಯ ದೋಷವಲ್ಲ, ಬಿಡಿ ಬಿಡಿ ವಿಷಯಗಳನ್ನು ಸೇರಿಸಿ ಅದಕ್ಕೆ ಆ ಹೆಸರು ಕೊಡುವುದರ ದೋಷ.

ಹಾಗಿದ್ದರೆ ಎರಡನೆಯ ಶಿಸ್ತಿನಿಂದ ನಿಜವಾಗಿ ಸಿಗುವುದೇನು? ಮಾಹಿತಿಗಿಂತ ಹೆಚ್ಚಾಗಿ, ಪುರಾವೆಯ ಬಗೆಗಿನ ಎಚ್ಚರ. ಪ್ರಯೋಗಶಾಲೆಯ ವಿದ್ಯಾರ್ಥಿ ಒಂದು ಫಲಿತಾಂಶವನ್ನು ಮತ್ತೆ ಮಾಡಿ ತೋರಿಸಿದಾಗ ಮಾತ್ರ ನಂಬಲು ಕಲಿತಿರುತ್ತಾನೆ; ಇತಿಹಾಸದ ವಿದ್ಯಾರ್ಥಿನಿ ಒಮ್ಮೆ ಮಾತ್ರ ನಡೆದು ಮತ್ತೆ ನಡೆಯದ ಘಟನೆಯ ಬಗ್ಗೆ, ಅದನ್ನು ದಾಖಲಿಸಿದವರು ಯಾರು, ಯಾರಿಗಾಗಿ ದಾಖಲಿಸಿದರು ಎಂದು ಕೇಳಲು ಕಲಿತಿರುತ್ತಾಳೆ. ಸಂಖ್ಯಾಶಾಸ್ತ್ರವು ಮಾದರಿಯ ಗಾತ್ರವನ್ನೂ ಆಯ್ಕೆಯನ್ನೂ ವಿಚಾರಿಸುತ್ತದೆ. ಕಾನೂನು ಶಾಸ್ತ್ರವು ಪುರಾವೆಯ ಹೊಣೆ ಯಾರ ಮೇಲಿದೆ ಎಂದು ವಿಚಾರಿಸುತ್ತದೆ. ಇವುಗಳಲ್ಲಿ ಎರಡು ಬಗೆಯ ಎಚ್ಚರವನ್ನು ಇಪ್ಪತ್ತೊಂದು ವಯಸ್ಸಿನೊಳಗೆ ರೂಢಿಸಿಕೊಂಡವರು ಪತ್ರಿಕೆಯ ಸುದ್ದಿಯನ್ನೂ ಕಂಪನಿಯ ವರದಿಯನ್ನೂ ಸರ್ಕಾರದ ಅಂಕಿಅಂಶವನ್ನೂ ಓದುವ ರೀತಿಯೇ ಬೇರೆಯಾಗಿರುತ್ತದೆ. ಉದ್ಯೋಗದ ದೃಷ್ಟಿಯಿಂದಲೂ ಇದಕ್ಕೆ ಬೆಲೆಯಿದೆಯೆಂದು ಹೇಳುವುದು ವಾಡಿಕೆ, ಅದು ಸುಳ್ಳೇನಲ್ಲ. ಆದರೆ ಉದ್ಯೋಗದ ಆಸೆಯೊಂದರಿಂದಲೇ ಆಯ್ದುಕೊಂಡ ಎರಡನೆಯ ವಿಷಯ ಬಹಳ ದೂರ ಒಯ್ಯುವುದಿಲ್ಲ.

ಸದ್ಯದ ವ್ಯವಸ್ಥೆ ಕೊಡುವುದೆಷ್ಟು

2020ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕವು 2021–22ನೇ ಸಾಲಿನಿಂದ ಪದವಿ ತರಗತಿಗಳಲ್ಲಿ ಜಾರಿಗೊಳಿಸಿತು. ಅದರಂತೆ ವಿದ್ಯಾರ್ಥಿಗಳು ತಮ್ಮ ಮುಖ್ಯ ವಿಷಯಗಳ ಜೊತೆಗೆ ಬೇರೆ ವಿಭಾಗವೊಂದರಿಂದ ‘ಓಪನ್ ಎಲೆಕ್ಟಿವ್’ ಅಥವಾ ಮುಕ್ತ ಆಯ್ಕೆಯ ಪತ್ರಿಕೆಗಳನ್ನು ಓದಬೇಕಾಯಿತು. ರಾಜ್ಯ ಶಿಕ್ಷಣ ನೀತಿಗಾಗಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಆಯೋಗದ ಮಧ್ಯಂತರ ವರದಿಯ ಆಧಾರದ ಮೇಲೆ ಸರ್ಕಾರ 2024–25ನೇ ಸಾಲಿನಿಂದ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಕೇಂದ್ರೀಯ ವಿಶ್ವವಿದ್ಯಾಲಯಗಳು ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, ಚೌಕಟ್ಟನ್ನು ಅನುಸರಿಸುತ್ತವೆ. 2022ರ ಡಿಸೆಂಬರ್‌ನಲ್ಲಿ ಪ್ರಕಟವಾದ ಆ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್‌ಗಳಿದ್ದು, ಅವುಗಳಲ್ಲಿ 9 ಕ್ರೆಡಿಟ್‌ಗಳನ್ನು ಬಹುಶಿಸ್ತೀಯ ಪತ್ರಿಕೆಗಳಿಗೆ ಮೀಸಲಿಡಲಾಗಿದೆ. ಒಂದು ಕ್ರೆಡಿಟ್ ಎಂದರೆ ಒಂದು ಸೆಮಿಸ್ಟರ್‌ನಲ್ಲಿ 15 ಗಂಟೆಗಳ ಬೋಧನೆ. ಹೀಗೆ ಲೆಕ್ಕ ಹಾಕಿದರೆ ಮೂರು ವರ್ಷಗಳಲ್ಲಿ ಬೇರೆ ಶಿಸ್ತುಗಳಿಗೆ ಸಿಗುವುದು ಸುಮಾರು 135 ಗಂಟೆ. ಒಂದು ಹೊಸ ವಿಧಾನದ ಪರಿಚಯಕ್ಕೆ ಇದು ಸಾಕು. ಅದನ್ನು ಮುಖ್ಯ ವಿಷಯದೊಡನೆ ಹೆಣೆಯುವುದಕ್ಕೆ ಸಾಲದು.

ನೀತಿ ಯಾವುದೇ ಇರಲಿ, ಕಾಲೇಜಿನ ಮಟ್ಟದಲ್ಲಿ ನಡೆಯುವುದನ್ನು ನೋಡಿದರೆ ಆಯ್ಕೆ ಎಂಬ ಮಾತಿಗೆ ಅಷ್ಟೇನೂ ಅರ್ಥ ಉಳಿಯುವುದಿಲ್ಲ. ಯಾವ ಪತ್ರಿಕೆಯನ್ನು ತೆರೆಯಬೇಕೆಂಬುದು ಅನೇಕ ಕಡೆ ವಿದ್ಯಾರ್ಥಿಗಳ ಆಸಕ್ತಿಗಿಂತ ವಿಭಾಗಗಳ ಕಾರ್ಯಭಾರದ ಲೆಕ್ಕವನ್ನು, ಖಾಲಿ ಕೊಠಡಿಯನ್ನು, ಅತಿಥಿ ಉಪನ್ಯಾಸಕರ ಲಭ್ಯತೆಯನ್ನು ಅವಲಂಬಿಸಿರುತ್ತದೆ. ವಿದ್ಯಾರ್ಥಿಗಳೂ ಸುಲಭವಾಗಿ ಅಂಕ ಬರುವ, ಬಸ್ಸಿನ ವೇಳೆಗೆ ಹೊಂದುವ ಪತ್ರಿಕೆಯನ್ನು ಹಿಡಿಯುತ್ತಾರೆ; ದಿನಕ್ಕೆ ಎರಡು ಹೊತ್ತು ಬಸ್ಸಿನಲ್ಲಿ ಕಳೆಯುವವರನ್ನು ಅದಕ್ಕಾಗಿ ದೂರುವಂತೆಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ, 2011ರಲ್ಲಿ ಆರಂಭವಾದ ನಾಲ್ಕು ವರ್ಷದ ವಿಜ್ಞಾನ ಪದವಿಯಲ್ಲಿ ಮೊದಲ ಸೆಮಿಸ್ಟರ್‌ಗಳಲ್ಲೇ ಭೌತಶಾಸ್ತ್ರ, ಜೀವಶಾಸ್ತ್ರ, ಎಂಜಿನಿಯರಿಂಗ್‌ಗಳ ಜೊತೆ ಮಾನವಿಕ ವಿಷಯಗಳನ್ನೂ ಕಡ್ಡಾಯವಾಗಿ ಓದಿಸುವ ವ್ಯವಸ್ಥೆಯಿದೆ. ಅಂಥ ಸೌಕರ್ಯ ಇಲ್ಲದ ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸಲಹೆಗಳನ್ನು ಇಲ್ಲಿ ನೀಡಲಾಗಿದೆ.

ಆಯ್ಕೆ ಮಾಡುವ ಕ್ರಮ

ಮೊದಲ ಸಲಹೆಯೆಂದರೆ, ಎರಡನೆಯ ಶಿಸ್ತಿನಿಂದ ಮಾಹಿತಿಯ ಪತ್ರಿಕೆಗಿಂತ ವಿಧಾನದ ಪತ್ರಿಕೆಯನ್ನು ಆಯ್ದುಕೊಳ್ಳುವುದು. ಇತಿಹಾಸ ಓದುವವರಿಗೆ ‘ವಿಜ್ಞಾನದ ಅದ್ಭುತಗಳು’ ಎಂಬಂಥ ಪತ್ರಿಕೆಗಿಂತ ಪ್ರಾಥಮಿಕ ಸಂಖ್ಯಾಶಾಸ್ತ್ರ ಅಥವಾ ನಕ್ಷೆ ತಯಾರಿಕೆ ಹೆಚ್ಚು ಉಪಯುಕ್ತ. ಸಸ್ಯಶಾಸ್ತ್ರ ಓದುವವರಿಗೆ ಕ್ಷೇತ್ರಕಾರ್ಯ ಹಾಗೂ ಸಂದರ್ಶನದ ವಿಧಾನವನ್ನು ಕಲಿಸುವ ಸಮಾಜಶಾಸ್ತ್ರದ ಪತ್ರಿಕೆ, ವಾಣಿಜ್ಯ ಓದುವವರಿಗೆ ಭಾರತದ ಸಂವಿಧಾನದ ಅಥವಾ ಗ್ರಾಮೀಣ ಅರ್ಥವ್ಯವಸ್ಥೆಯ ಪತ್ರಿಕೆ, ಗಣಕ ವಿಜ್ಞಾನ ಓದುವವರಿಗೆ ಭಾಷಾಶಾಸ್ತ್ರ ಹೆಚ್ಚು ಉಪಯುಕ್ತ. ಕನ್ನಡವನ್ನು ಐಚ್ಛಿಕವಾಗಿ ಓದುವವರಿಗೂ ಗಣಕದ ಪರಿಚಯ ಇಂದು ಅಲಂಕಾರವಾಗಿ ಉಳಿದಿಲ್ಲ: ಶಾಸನಪಾಠಗಳನ್ನೂ ಹಳೆಯ ಗ್ರಂಥಗಳನ್ನೂ ಯೂನಿಕೋಡ್‌ಗೆ ತರುವ, ಅವುಗಳಲ್ಲಿ ಪದಗಳನ್ನು ಹುಡುಕುವ ಕೆಲಸಕ್ಕೆ ಎರಡನ್ನೂ ಬಲ್ಲವರೇ ಬೇಕು.

ಎರಡನೆಯದು ಎಚ್ಚರಿಕೆ. ಸ್ನಾತಕೋತ್ತರ ಪ್ರವೇಶಕ್ಕೂ ಬಿ.ಇಡ್. ಪ್ರವೇಶಕ್ಕೂ ಶಿಕ್ಷಕರ ನೇಮಕಾತಿಗೂ ಪದವಿಯಲ್ಲಿ ಯಾವ ವಿಷಯವನ್ನು ಎಷ್ಟು ಸೆಮಿಸ್ಟರ್ ಓದಿರಬೇಕು ಎಂಬ ಷರತ್ತುಗಳಿರುತ್ತವೆ. ಮುಖ್ಯ ವಿಷಯಗಳ ಜೋಡಣೆಯನ್ನು ಬದಲಿಸುವ ಮೊದಲು ಆಯಾ ವಿಶ್ವವಿದ್ಯಾಲಯದ ಪ್ರವೇಶ ಪ್ರಕಟಣೆಯನ್ನೂ ನೇಮಕಾತಿ ನಿಯಮವನ್ನೂ ಸ್ವತಃ ಓದಿ ನೋಡಬೇಕು; ಸೀನಿಯರ್‌ಗಳ ಬಾಯಿಮಾತನ್ನು ನೆಚ್ಚಿ ನಿರ್ಧರಿಸಬಾರದು. ಪ್ರೌಢಶಾಲಾ ಶಿಕ್ಷಕರಾಗಬೇಕೆಂದಿರುವವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ.

ಕಾಲೇಜಿನಲ್ಲಿ ಬೇಕಾದ ಪತ್ರಿಕೆ ಇಲ್ಲದಿದ್ದರೆ ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣವೂ ಅದರಡಿಯಲ್ಲಿ ಐಐಟಿಗಳು ಹಾಗೂ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ‘ಎನ್‌ಪಿಟೆಲ್’ ಪಾಠಗಳೂ ಇವೆ. ಪಾಠ ಕೇಳಲು ಶುಲ್ಕವಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಗೊತ್ತುಪಡಿಸಿದ ಕೇಂದ್ರದಲ್ಲಿ ಪರೀಕ್ಷೆ ಬರೆಯಬೇಕು. ಎನ್‌ಪಿಟೆಲ್‌ನಲ್ಲಿ ಸಾಮಾನ್ಯವಾಗಿ 4, 8 ಮತ್ತು 12 ವಾರಗಳ ಪಾಠಗಳಿದ್ದು, ವಾರವಾರದ ಮನೆಗೆಲಸಕ್ಕೆ ಶೇ 25, ಕೊನೆಯ ಪರೀಕ್ಷೆಗೆ ಶೇ 75 ಅಂಕಗಳಿರುತ್ತವೆ. ಯುಜಿಸಿಯ 2021ರ ನಿಯಮದಂತೆ ವಿಶ್ವವಿದ್ಯಾಲಯಗಳು ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಪಡೆಯಲು ಅವಕಾಶ ಕೊಡಬಹುದು. ಆದರೆ ‘ಕೊಡಬಹುದು’ ಎಂಬುದನ್ನು ಗಮನಿಸಬೇಕು. ತನ್ನ ವಿಶ್ವವಿದ್ಯಾಲಯ ಆ ಕ್ರೆಡಿಟ್‌ಗಳನ್ನು ಒಪ್ಪುತ್ತದೆಯೇ ಎಂದು ಪ್ರಾಂಶುಪಾಲರ ಮೂಲಕ ಬರಹದಲ್ಲಿ ಕೇಳಿ ತಿಳಿದ ಮೇಲೆ ಶುಲ್ಕ ಕಟ್ಟುವುದು ಜಾಣತನ. ಹೀಗೆ ಗಳಿಸಿದ ಕ್ರೆಡಿಟ್‌ಗಳು ವಿದ್ಯಾರ್ಥಿಯ ಹೆಸರಿನಲ್ಲಿ ಜಮೆಯಾಗುವ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಖಾತೆಯನ್ನು ಮೊದಲ ವರ್ಷದಲ್ಲೇ ತೆರೆದಿಡಬೇಕು. ಇದಲ್ಲದೆ 2022ರಿಂದ ಏಕಕಾಲಕ್ಕೆ ಎರಡು ಪದವಿ ಓದಲು ಯುಜಿಸಿ ಅನುಮತಿ ನೀಡಿದೆ. ಕಾಲೇಜಿನ ಪದವಿಯ ಜೊತೆಗೆ ಮುಕ್ತ ವಿಶ್ವವಿದ್ಯಾಲಯದ ಇನ್ನೊಂದು ಪದವಿಗೆ ಸೇರುವುದು ಸಾಧ್ಯ. ಆದರೆ ಎರಡು ಪದವಿಗಳ ಪರೀಕ್ಷೆಯ ಹೊರೆಯಲ್ಲಿ ಎರಡನ್ನೂ ಹೆಣೆಯುವ ಬಿಡುವೇ ಸಿಗದಿರುವುದರಿಂದ, ಬಹುಪಾಲು ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ದಾರಿಯಲ್ಲ.

ಊರ ಕೆರೆಯೇ ಪಠ್ಯ

ಪತ್ರಿಕೆಗಳಿಂದ ಸಿಗುವುದು ಸಾಮಗ್ರಿ. ಹೆಣಿಗೆ ನಡೆಯಬೇಕಾದದ್ದು ಕಿರು ಸಂಶೋಧನೆಯಲ್ಲಿ, ಅಂದರೆ ಕಾಲೇಜಿನ ಭಾಷೆಯಲ್ಲಿ ‘ಪ್ರಾಜೆಕ್ಟ್’ನಲ್ಲಿ. ಇದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎಂದು ಲೆಕ್ಕವಿದ್ದು, ಬಯಲುಸೀಮೆಯ ಯಾವ ಕಾಲೇಜಿನಿಂದಲೂ ಒಂದು ಕೆರೆ ಸೈಕಲ್ ದೂರದಲ್ಲಿ ಸಿಗುತ್ತದೆ. ‘ನಮ್ಮೂರ ಕೆರೆಯ ಹೂಳನ್ನು ಈಗ ಏಕೆ ಯಾರೂ ತೆಗೆಯುತ್ತಿಲ್ಲ?’ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟರೆ ಕೆಲಸ ಹೇಗೆ ಬೆಳೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬಹುದು.

ಮೊದಲು ಹೂಳು ಎಷ್ಟಿದೆ ಎಂದು ತಿಳಿಯಬೇಕು. ಬೇಸಗೆಯಲ್ಲಿ ಕೆರೆ ಒಣಗಿದಾಗ, ಗ್ರಾಮ ಪಂಚಾಯಿತಿಯ ಒಪ್ಪಿಗೆ ಪಡೆದು, ಅಂಗಳದ ಬೇರೆ ಬೇರೆ ಕಡೆ ಸಮ ಅಂತರದಲ್ಲಿ ಸಣ್ಣ ಗುಂಡಿಗಳನ್ನು ತೋಡಿ, ಹೂಳಿನ ನುಣುಪಾದ ಪದರ ಮುಗಿದು ಮೂಲ ನೆಲ ಸಿಗುವ ಆಳವನ್ನು ಅಳೆದು ಸರಾಸರಿ ತೆಗೆಯಬೇಕು. ಕೆರೆಯ ವಿಸ್ತೀರ್ಣ ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಸಿಗುತ್ತದೆ. ನಿಂತ ಜಾಗ ಯಾವ ಸರ್ವೆ ನಂಬರಿಗೆ ಸೇರಿದ್ದೆಂದು ‘ದಿಶಾಂಕ್’ ಆ್ಯಪ್‌ನಲ್ಲಿ ನೋಡಬಹುದು. ನೀರಿನ ಹರವು ಹೇಗೆ ಬದಲಾಗಿದೆ ಎಂಬುದಕ್ಕೆ ಇಸ್ರೊದ ‘ಭುವನ್’ ತಾಣದ ಉಪಗ್ರಹ ಚಿತ್ರಗಳಿವೆ. ಹತ್ತು ಹೆಕ್ಟೇರ್ ಅಂಗಳದ ಕೆರೆಯಲ್ಲಿ ಸರಾಸರಿ ಒಂದು ಮೀಟರ್ ಹೂಳಿದ್ದರೆ ಅದು ಒಂದು ಲಕ್ಷ ಘನಮೀಟರ್. ಒಂದು ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಮೂರು ಘನಮೀಟರ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ 33 ಸಾವಿರಕ್ಕೂ ಹೆಚ್ಚು ಲೋಡು. ಅಗೆದ ಮಣ್ಣು ಉಬ್ಬುವುದನ್ನೂ ಸೇರಿಸಿದರೆ ಇನ್ನೂ ಹೆಚ್ಚು. ಇಲ್ಲಿಗೆ ಗಣಿತ ಮತ್ತು ಭೂಗೋಳದ ಕೆಲಸ ಮುಗಿಯುತ್ತದೆ, ಮುಗಿಯುವಾಗಲೇ ವಾಣಿಜ್ಯಶಾಸ್ತ್ರದ ಪ್ರಶ್ನೆಯನ್ನು ಎತ್ತಿಕೊಡುತ್ತದೆ: ಒಂದು ಲೋಡಿಗೆ ಅಗೆತ, ಡೀಸೆಲ್, ಬಾಡಿಗೆ ಸೇರಿ ಎಷ್ಟು? ಎಷ್ಟು ಕಿಲೋಮೀಟರ್ ದೂರದವರೆಗಿನ ಹೊಲದ ರೈತನಿಗೆ ಅದು ಗಿಟ್ಟುತ್ತದೆ?

ಹೂಳು ಹೊಲಕ್ಕೆ ಗೊಬ್ಬರವಾಗುತ್ತದೆ ಎಂಬುದು ರೈತರು ತಲೆತಲಾಂತರದಿಂದ ಬಲ್ಲ ಸಂಗತಿ. ಆದರೂ ಈಗ ಒಯ್ಯುತ್ತಿಲ್ಲವೆಂದರೆ ರಸಗೊಬ್ಬರದ ಬೆಲೆಯ ಜೊತೆ ಹೋಲಿಸಿ ನೋಡಬೇಕು, ಹೂಳಿನ ಮಾದರಿಯನ್ನು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳಿಸಿ ಅದರ ಸತ್ವ ಎಷ್ಟೆಂದು ತಿಳಿಯಬೇಕು. ಇಷ್ಟಾದ ಮೇಲೆ ಉಳಿಯುವ ಪ್ರಶ್ನೆ, ಹಿಂದೆ ಈ ಖರ್ಚನ್ನು ಹೊತ್ತವರು ಯಾರು ಎಂಬುದು. ಅದಕ್ಕೆ ಉತ್ತರ ಶಾಸನಗಳಲ್ಲಿದೆ. ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳು ಜಿಲ್ಲಾವಾರು ಇರುವುದರಿಂದ ತನ್ನ ತಾಲ್ಲೂಕಿನ ಶಾಸನಗಳನ್ನು ಹುಡುಕುವುದು ಕಷ್ಟವಲ್ಲ. ಕೆರೆ ಕಟ್ಟಿದವರಿಗೆ ಅಥವಾ ದುರಸ್ತಿ ಮಾಡಿದವರಿಗೆ ಭೂಮಿ ಕೊಡುವ ‘ಕಟ್ಟುಕೊಡಗೆ’, ಕೆರೆಯ ನಿರ್ವಹಣೆಗೆಂದು ಮೀಸಲಿಡುವ ‘ಬಿತ್ತುವಟ್ಟ’ ಮೊದಲಾದ ಏರ್ಪಾಡುಗಳ ಉಲ್ಲೇಖ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೋಲಾರ ಸೀಮೆಯಲ್ಲಿ ತೂಬು ತೆರೆದು ಮುಚ್ಚಿ ಅಚ್ಚುಕಟ್ಟಿಗೆ ನೀರು ಹಂಚುತ್ತಿದ್ದ ನೀರುಗಂಟಿಗಳ ಮನೆತನದವರು ಇನ್ನೂ ಊರಲ್ಲಿದ್ದರೆ ಅವರೊಡನೆ ಮಾತಾಡಬೇಕು. ಯಾವ ಕೇರಿಯವರಿಗೆ ನೀರು ಮೊದಲು, ಯಾರಿಗೆ ಕೊನೆ ಎಂಬುದು ಶಾಸನದಲ್ಲಿ ಸಿಗದ ಇತಿಹಾಸ. ಕೊನೆಗೆ ಆಡಳಿತದ ಪ್ರಶ್ನೆ: 40 ಹೆಕ್ಟೇರ್‌ಗಿಂತ ಹೆಚ್ಚಿನ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ ಅದಕ್ಕಿಂತ ಚಿಕ್ಕವು ಪಂಚಾಯತ್ ಸಂಸ್ಥೆಗಳಿಗೂ ಸೇರುತ್ತವೆ. ಇಂದು ಖರ್ಚು ಹೊರಬೇಕಾದವರು ಯಾರು ಎಂಬುದು ಈ ಒಂದು ಅಂಕಿಯ ಮೇಲೆ ನಿಂತಿದೆ.

ಗಮನಿಸಿದರೆ, ಇಲ್ಲಿ ಗಣಿತದ ಉತ್ತರವಿಲ್ಲದೆ ಅರ್ಥಶಾಸ್ತ್ರದ ಪ್ರಶ್ನೆ ಹುಟ್ಟುವುದಿಲ್ಲ, ಅರ್ಥಶಾಸ್ತ್ರದ ಉತ್ತರವಿಲ್ಲದೆ ಇತಿಹಾಸದ ಪ್ರಶ್ನೆ ಹುಟ್ಟುವುದಿಲ್ಲ. ಇದೇ ಹೆಣಿಗೆ. ಇದರ ಬದಲು ಐದು ಮಂದಿಯ ತಂಡವು ಕೆರೆಯ ಇತಿಹಾಸ, ಕೆರೆಯ ಪಕ್ಷಿಗಳು, ಕೆರೆಯ ನೀರಿನ ರಸಾಯನ ಎಂದು ಅಧ್ಯಾಯಗಳನ್ನು ಹಂಚಿಕೊಂಡು ಕೊನೆಯಲ್ಲಿ ಒಟ್ಟಿಗೆ ಬೈಂಡ್ ಮಾಡಿಸಿದರೆ, ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಗುತ್ತದೆ. ತಂಡದಲ್ಲಿ ಕೆಲಸ ಮಾಡುವವರು ಪ್ರತಿ ಅಧ್ಯಾಯವನ್ನೂ ಬೇರೆ ವಿಭಾಗದ ಸಂಗಾತಿಯಿಂದ ಓದಿಸಿ, ಆತನಿಗೆ ಅರ್ಥವಾಗದ ಪದಗಳನ್ನೆಲ್ಲ ಬಿಡಿಸಿ ಬರೆಯುವ ನಿಯಮ ಇಟ್ಟುಕೊಂಡರೆ ಈ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ. ಬೇರೆ ಶಿಸ್ತಿನ ಪರಿಭಾಷೆಯ ಪ್ರಾಥಮಿಕ ಪರಿಚಯಕ್ಕೆ ಮೈಸೂರು ವಿಶ್ವವಿದ್ಯಾಲಯದ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶ ಇಂದಿಗೂ ಉಪಯುಕ್ತ. ಅದರ ಅಂಕಿಅಂಶಗಳು ಹಳೆಯವಾದರೂ ವಿವರಣೆಗಳು ಅಚ್ಚುಕಟ್ಟಾಗಿವೆ, ಮತ್ತು ಹಳೆಯ ಕಾಲೇಜು ಗ್ರಂಥಾಲಯಗಳಲ್ಲಿ ಅದು ಸಿಗುತ್ತದೆ.

ಇಂಥ ಕೆಲಸಕ್ಕೆ ಮಾರ್ಗದರ್ಶಕರು ಇಬ್ಬರಿರಬೇಕು ಎಂಬುದೇ ಕಾಲೇಜುಗಳಲ್ಲಿ ಎದುರಾಗುವ ಮುಖ್ಯ ಅಡ್ಡಿ. ಅಂಕಪಟ್ಟಿಯಲ್ಲಿ ಒಬ್ಬ ಅಧ್ಯಾಪಕರ ಸಹಿಗೆ ಮಾತ್ರ ಜಾಗವಿರುತ್ತದೆ, ಕಾರ್ಯಭಾರದ ಲೆಕ್ಕದಲ್ಲೂ ಒಂದು ವಿಭಾಗದ ಹೆಸರಿಗೆ ಮಾತ್ರ ಜಾಗವಿರುತ್ತದೆ. ಪ್ರಾಂಶುಪಾಲರು ಮನಸ್ಸು ಮಾಡಿದರೆ ಒಂದು ಕಿರು ಸಂಶೋಧನೆಯ ಆಂತರಿಕ ಮೌಲ್ಯಮಾಪನವನ್ನು ಎರಡು ವಿಭಾಗಗಳು ಜಂಟಿಯಾಗಿ ಮಾಡುವ ವ್ಯವಸ್ಥೆಯನ್ನು ಯಾವ ಹೊಸ ನೀತಿಯನ್ನೂ ಕಾಯದೆ ತರಬಹುದು. ವಿದ್ಯಾರ್ಥಿಗಳು ಮುಂದಿನ ಸೆಮಿಸ್ಟರ್‌ನ ಆಯ್ಕೆಯ ಅರ್ಜಿ ತುಂಬುವ ಮೊದಲು, ತಾವು ಆರಿಸಲಿರುವ ವಿಭಾಗದ ಅಧ್ಯಾಪಕರ ಅನುಮತಿ ಪಡೆದು ಒಂದು ವಾರ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳಿ ನೋಡಬೇಕು. ಕೇಳಿಕೊಂಡರೆ ಬಹುತೇಕ ಅಧ್ಯಾಪಕರು ಬೇಡವೆನ್ನುವುದಿಲ್ಲ.